ಏಳೂವರೆಯ ರಂಗಶಂಕರ

ಬೆಂಗಳೂರಿನ ಜೆ.ಪಿ. ನಗರ 2ನೇ ಹಂತದ ರಂಗಶಂಕರ 2004ರಲ್ಲಿ ತೆರೆಯಿತು. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಸಂಗಡಿಗರು ಕಟ್ಟಿದ ರಂಗಮಂದಿರ. ಬನಶಂಕರಿ 3ನೇ ಹಂತದ ಪಿಇಎಸ್ ವಿಶ್ವವಿದ್ಯಾಲಯದಂಥ ಕಡೆ ಕಂಪ್ಯೂಟರ್ ವಿಜ್ಞಾನ ಕಲಿಸುವವರಿಗೆ ಲ್ಯಾಬು, ವೈವಾ, ಇಂಟರ್ನಲ್ಸ್ ಮುಗಿಸಿ ಪರದೆಯಿಂದ ಕಣ್ಣು ಕೀಳಲು ಇದಕ್ಕಿಂತ ಒಳ್ಳೆಯ ಜಾಗ ಸುತ್ತಮುತ್ತ ಸಿಗುವುದು ಕಷ್ಟ. ಇದರ ಹೆಚ್ಚುಗಾರಿಕೆ ಅಳತೆಯಲ್ಲಿದೆ. ಆಸನಗಳು ಮುನ್ನೂರಕ್ಕೆ ತುಸು ಮೇಲೆ, ಅಷ್ಟೆ. ರಂಗದತ್ತ ಇಳಿಜಾರಾಗಿ ಸಾಗುವ ಸಾಲುಗಳಲ್ಲಿ ಎಲ್ಲಿ ಕೂತರೂ ನಟರ ಮುಖಭಾವ ಕಾಣುತ್ತದೆ. ನಾಟಕ ಸಾಮಾನ್ಯವಾಗಿ ಸಂಜೆ 7.30ಕ್ಕೆ. ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ನೆಪವೂ ನಡೆಯದು. ದಿನವೂ ಹಾಜರಿ ಕರೆಯುವ ಮೇಷ್ಟರಿಗೆ ಈ ಕಟ್ಟುನಿಟ್ಟು ಹಿಡಿಸದೇ ಇರದು! ಬೇಗ ಬಂದವರಿಗೆ ಕೆಫೆಯ ಅಕ್ಕಿರೊಟ್ಟಿ, ಕಾಫಿ, ಪಕ್ಕದಲ್ಲೇ ಪುಸ್ತಕದಂಗಡಿ.