ಕೆರೆಗೆ ಯಾರ ಹಾರ?

‘ಕೆರೆಗೆ ಹಾರ’ ಕಥನಗೀತೆಯನ್ನು ತ್ಯಾಗದ ಹಾಡೆಂದು ತರಗತಿಯಲ್ಲಿ ಬಣ್ಣಿಸಿದವರಲ್ಲಿ ನಾನೂ ಒಬ್ಬ. ಆ ಮಾತು ಅರ್ಧಸತ್ಯವೆಂದು ಈಗ ತೋರುತ್ತದೆ.

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳಲಿಲ್ಲ. ನೀರು ಹರಿದು ಬರುವ ಹಳ್ಳವನ್ನು ನೋಡಿದವರಿಲ್ಲ, ಶಾಸ್ತ್ರ ಕೇಳಿದರು. ಹಿರಿಯ ಸೊಸೆ ಮನೆತನಕ್ಕೆ ಬೇಕು, ಕಿರಿಯಳನ್ನು ಕೊಡಬಹುದು ಎಂಬುದು ಮನೆಯವರ ಲೆಕ್ಕ. ಭಾಗೀರಥಿ ತವರಿಗೆ ಹೋಗಿಯೂ ತಂದೆಗೆ ನಿಜ ಹೇಳಲಾರಳು. ಹಾಡಿನ ಕರುಳು ಆ ಮೌನದಲ್ಲಿದೆ. ಕೆರೆ ತುಂಬಿದ ಮೇಲೆ ದಂಡಿನಿಂದ ಬಂದ ಗಂಡ ಅದೇ ನೀರಿಗೆ ಹಾರುತ್ತಾನೆ. ಅಲ್ಲಿಗೆ ಹಾಡು ಗೌಡನ ಪುಣ್ಯವನ್ನು ಒಪ್ಪಲಿಲ್ಲವೆಂದೇ ಅರ್ಥ.

ಹಾಡು ಉತ್ತರದ ಸೀಮೆಯದು. ಪ್ರಶ್ನೆ ನಮ್ಮ ಮೈಸೂರು ಜಿಲ್ಲೆಯದೂ ಹೌದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1974ರಲ್ಲಿ ಮುಗಿದ ಕಬಿನಿ ಜಲಾಶಯ ಕೆಳಗಿನ ಗದ್ದೆಗಳನ್ನು ಹಸಿರಾಗಿಸಿತು. ಮೇಲಿನ ಹಳ್ಳಿಗಳನ್ನೂ ಕಾಡನ್ನೂ ಮುಳುಗಿಸಿತು. ಕೃಷ್ಣರಾಜನಗರದ ಬಯಲಿಗೆ ಕಾವೇರಿಯ ನಾಲೆಗಳುಂಟು. ಹುಣಸೂರು, ಪಿರಿಯಾಪಟ್ಟಣಗಳ ಎಷ್ಟೋ ಹೊಲಗಳಿಗೆ ಮಳೆಯೇ ಗತಿ. ಅಲ್ಲಿಯ ರೈತ ನಾಲ್ಕು ಕಾಸಿಗಾಗಿ ಹೊಗೆಸೊಪ್ಪು ಬೆಳೆದು, ಅದನ್ನು ಹದಗೊಳಿಸಲು ಸೌದೆ ಉರಿಸುತ್ತಾನೆ. ಮರ ಹೋದ ದಿನ್ನೆಯ ಮಣ್ಣು ಮಳೆಗೆ ಕೊಚ್ಚಿ ಕೆರೆಯ ಹೂಳಾಗುತ್ತದೆ. ಇಲ್ಲಿಯೂ ಬೆಲೆ ತೆರುವವರು ಮನೆಯ ಕಿರಿಯರೇ.

ಹೂಳೆತ್ತುವುದು, ಏರಿ ತೂಬುಗಳನ್ನು ಕಾಯುವುದು, ಸರದಿಯಂತೆ ನೀರು ಹಂಚುವುದು, ದಿನ್ನೆಗೆ ಮರ ಹಾಕುವುದು: ಇವು ಹಾಡು ಕಟ್ಟುವಂಥ ಸಾಹಸಗಳಲ್ಲ. ಆದರೆ ಇವು ನಡೆದ ಊರಿನಲ್ಲಿ ಕೆರೆ ಬಲಿ ಕೇಳುವುದಿಲ್ಲ. ‘ಹಾರ’ದೊಳಗೆ ‘ಆಹಾರ’ವೆಂಬ ಮಾತೂ ಅಡಗಿದೆ. ಅದನ್ನು ಕೇಳಿಸಿಕೊಳ್ಳದೆ ಈ ಹಾಡನ್ನು ಮೆಚ್ಚುವುದು ಮಲ್ಲನಗೌಡನ ಪಂಕ್ತಿಯಲ್ಲಿ ಕುಳಿತಂತೆಯೇ ಸರಿ.