ಜಠರಾಗ್ನಿಯೂ ಕರುಳಿನ ಸೂಕ್ಷ್ಮಾಣುಗಳೂ: ಒಂದು ಶಬ್ದವಿಮರ್ಶೆ

ಸ್ಥೌಲ್ಯವನ್ನು ಕಳೆಯಲೆಂದು ಕೈಗೊಳ್ಳುವ ಪಥ್ಯದಿಂದ ಕರುಳಿನೊಳಗಿನ ಸೂಕ್ಷ್ಮಾಣುಗಳಲ್ಲಿ ಏನು ವ್ಯತ್ಯಾಸವುಂಟಾಗುವುದೆಂಬ ವಿಚಾರವು ಈಚಿನ ಇಪ್ಪತ್ತು ವರ್ಷಗಳಿಂದ ವೈದ್ಯವಿಜ್ಞಾನದಲ್ಲಿ ಬಹಳವಾಗಿ ಚರ್ಚಿತವಾಗಿದೆ. ಇದನ್ನು ಕನ್ನಡಿಗರಿಗೆ ತಿಳಿಯಹೇಳುವವರಲ್ಲಿ ಕೆಲವರು ಒಂದು ಸುಲಭಮಾರ್ಗವನ್ನು ಹಿಡಿದಿರುವರು. ಈ ಸೂಕ್ಷ್ಮಾಣುಸಮೂಹವೇ ನಮ್ಮವರ ಜಠರಾಗ್ನಿ. ಚರಕನು ಹೇಳಿದ ಸಹಜಕ್ರಿಮಿಗಳೇ ಇವು. ಲಂಘನವೆಂದರೆ ಉಪವಾಸ, ಅದೇ ಪರಮೌಷಧ. ಇವು ಮೂರು ಅವರ ಸಮೀಕರಣಗಳು. ಶಬ್ದವು ತಪ್ಪಿದರೆ ಕಾವ್ಯದಲ್ಲಿ ರಸವು ಕೆಟ್ಟೀತು. ವೈದ್ಯದಲ್ಲಿ ಶರೀರವೇ ಕೆಟ್ಟೀತು. ಆದಕಾರಣ ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸುವುದು ಅವಶ್ಯವಾಗಿದೆ.

ಮೊದಲು ಅಗ್ನಿಶಬ್ದವನ್ನು ನೋಡೋಣ. ಮುಧೋಳದಲ್ಲಿ ಹುಟ್ಟಿದ ರನ್ನಕವಿಯು ತನ್ನ ಗದಾಯುದ್ಧಕ್ಕೆ ನಾಯಕನನ್ನಾಗಿ ಆರಿಸಿಕೊಂಡ ಭೀಮನಿಗೆ ವೃಕೋದರನೆಂದು ಹೆಸರುಂಟಷ್ಟೆ. ವೃಕವೆಂಬ ಅಗ್ನಿಯು ಉದರದಲ್ಲುಳ್ಳವನೆಂದು ಪೌರಾಣಿಕರು ಈ ಹೆಸರನ್ನು ಬಿಡಿಸುವರು. ಅಲ್ಲಿ ಅಗ್ನಿಯು ನಾಯಕನ ಉಗ್ರತೆಗೆ ಚಿಹ್ನೆ. ವೈದ್ಯಶಾಸ್ತ್ರದಲ್ಲಾದರೋ ಅದು ಪಾರಿಭಾಷಿಕಶಬ್ದ. ಜಠರಾಗ್ನಿಯೊಂದು, ಭೂತಾಗ್ನಿಗಳೈದು, ಧಾತ್ವಗ್ನಿಗಳೇಳು, ಹೀಗೆ ಹದಿಮೂರನ್ನು ಎಣಿಸುವರು. ಜಠರಾಗ್ನಿಗೆ ಸ್ಥಾನವು ನಾಭಿಯ ಮೇಲಿರುವ ಗ್ರಹಣಿ. ಅದರ ಕಾರ್ಯವು ಉಂಡ ಅನ್ನವನ್ನು ಪಚನಮಾಡುವುದು. ಇಂದಿನವರು ಹೇಳುವ ಸೂಕ್ಷ್ಮಾಣುಗಳಲ್ಲಿ ಬಹುಪಾಲು ವಾಸಿಸುವುದು ದೊಡ್ಡ ಕರುಳಿನಲ್ಲಿ. 2016ರಲ್ಲಿ ಪ್ರಕಟವಾದ ಒಂದು ಗಣನೆಯಂತೆ 70 ಕಿಲೋ ತೂಕದ ಪುರುಷನಲ್ಲಿ ಅವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ. ಎಲ್ಲವನ್ನೂ ಕೂಡಿಸಿ ತೂಗಿದರೆ 200 ಗ್ರಾಮಿನಷ್ಟು. ನಮ್ಮ ಶರೀರವು ಜೀರ್ಣಿಸಲಾರದೆ ಮುಂದಕ್ಕೆ ಬಿಟ್ಟ ನಾರೇ ಅವುಗಳಿಗೆ ಮುಖ್ಯವಾದ ಆಹಾರ. ಸ್ಥಾನವೂ ಬೇರೆ, ಕಾರ್ಯವೂ ಬೇರೆ. ಹೀಗಿರಲು ಎರಡನ್ನೂ ಒಂದೆನ್ನುವುದು ಹೇಗೆ?

ಎರಡನೆಯ ಸಮೀಕರಣಕ್ಕೆ ಮೇಲುನೋಟಕ್ಕೆ ಹೆಚ್ಚು ಬಲವುಂಟು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ವಿಧದ ಕ್ರಿಮಿಗಳನ್ನು ಹೇಳುವಾಗ ಸಹಜಗಳಾದವನ್ನು ಹೊರಗಿರಿಸಿದೆ. ಅವು ವಿಕಾರವನ್ನುಂಟುಮಾಡದವು ಎಂಬುದು ಚಕ್ರಪಾಣಿಯ ಅಭಿಪ್ರಾಯ. ಶರೀರದೊಡನೆ ಹುಟ್ಟಿ, ಕೇಡುಮಾಡದೆ ಇರುವ ಜೀವಿಗಳುಂಟೆಂಬ ಈ ಊಹೆಯು ನಿಜವಾಗಿಯೂ ಶ್ಲಾಘ್ಯವಾದದ್ದು. ಆದರೆ ಅವು ನಾರನ್ನು ಹುಳಿಸುವುವೆಂದಾಗಲಿ, ಪಥ್ಯದಿಂದ ಅವುಗಳ ಪ್ರಮಾಣವು ಬದಲಾಗುವುದೆಂದಾಗಲಿ ಅಲ್ಲಿ ಹೇಳಿಲ್ಲ. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಗಳು ಮೊದಲು ಕಂಡದ್ದು ಹದಿನೇಳನೆಯ ಶತಮಾನದಲ್ಲಿ, ಡಚ್ಚನಾದ ಲೇವನ್‌ಹುಕನಿಗೆ. ಗ್ರಂಥಕರ್ತನು ಹೇಳದೆ ಇದ್ದುದನ್ನು ಅವನ ಬಾಯಿಂದ ಹೇಳಿಸುವುದು ಗೌರವವಲ್ಲ. ಅವನು ಹೇಳಿದ್ದನ್ನು ಓದದೆ ಬಿಡುವುದಕ್ಕೆ ಅದೊಂದು ನೆಪ.

ಮೂರನೆಯದು ಅಪಾಯಕರವಾದದ್ದು. ಲಂಘನವು ಹತ್ತು ವಿಧವೆಂದು ಚರಕನು ಎಣಿಸಿರುವನು: ಶೋಧನಗಳು ನಾಲ್ಕು, ಪಿಪಾಸೆ, ಗಾಳಿ, ಬಿಸಿಲು, ಪಾಚನ, ಉಪವಾಸ, ವ್ಯಾಯಾಮ. ಉಪವಾಸವು ಹತ್ತರಲ್ಲೊಂದು ಮಾತ್ರ. ಸ್ಥೂಲನಿಗೆ ಅವನು ವಿಧಿಸುವ ಆಹಾರವೋ ಗುರುವೂ ಅತರ್ಪಣವೂ ಆದದ್ದು. ಎಂದರೆ ಹೊಟ್ಟೆಗೆ ಭಾರವಾಗಿದ್ದು ಮೈಗೆ ಕಡಮೆ ಪುಷ್ಟಿಯನ್ನು ಕೊಡತಕ್ಕದ್ದು. ಸ್ಥೂಲನ ಅಗ್ನಿಯು ತೀಕ್ಷ್ಣವಾದುದರಿಂದ ಊಟದ ಹೊತ್ತು ಮೀರಿದರೆ ಘೋರವಿಕಾರಗಳಾಗುವುವೆಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ವ್ಯಾಯಾಮಾದಿಗಳನ್ನು ಕ್ರಮವಾಗಿ ಹೆಚ್ಚಿಸಬೇಕೆಂಬುದೂ ಅಲ್ಲಿಯದೇ. ಅಲ್ಲಿನ ಧಾನ್ಯಗಳ ಪಟ್ಟಿಯಲ್ಲಿ ಯವ, ಶ್ಯಾಮಾಕ, ಹೆಸರು, ಹುರುಳಿಗಳೊಡನೆ ಜೂರ್ಣಾಹ್ವವೆಂಬುದೊಂದುಂಟು. ಅದನ್ನು ಜೋಳವೆಂದು ಗುರುತಿಸುವರು.

ಇನ್ನು ಆಧುನಿಕರ ಪ್ರಯೋಗಗಳನ್ನು ನೋಡುವ. 2006ರಲ್ಲಿ ಅಮೆರಿಕದ ಗಾರ್ಡನ್ ಮೊದಲಾದವರು 12 ಮಂದಿ ಸ್ಥೂಲರನ್ನು ಒಂದು ವರ್ಷ ಪಥ್ಯದಲ್ಲಿಟ್ಟು ಪರೀಕ್ಷಿಸಿದರು. ತೂಕವು ಇಳಿದಂತೆ ಬ್ಯಾಕ್ಟೀರಾಯ್ಡೀಟೀಸ್ ಎಂಬ ವರ್ಗದ ಪಾಲು ಹೆಚ್ಚಿತು. ಇದರಿಂದ ಸ್ಥೌಲ್ಯದ ಗುಟ್ಟು ಸಿಕ್ಕಿತೆಂದು ಹಲವರು ಸಾರಿದರು. ಆದರೆ 2016ರಲ್ಲಿ ಹತ್ತು ಅಧ್ಯಯನಗಳನ್ನು ಕೂಡಿಸಿ ನೋಡಿದವರಿಗೆ ಸ್ಥೌಲ್ಯಕ್ಕೂ ಇಂಥ ಲಕ್ಷಣಗಳಿಗೂ ಇರುವ ಸಂಬಂಧವು ದುರ್ಬಲವೆಂದೇ ಕಂಡಿತು. ಪಿಷ್ಟಪದಾರ್ಥವನ್ನು ಬಹಳವಾಗಿ ತಗ್ಗಿಸಿದ ಪಥ್ಯದಿಂದ ಬ್ಯುಟಿರೇಟನ್ನು ಉತ್ಪಾದಿಸುವ ಸೂಕ್ಷ್ಮಾಣುಗಳು ಕುಗ್ಗುವುವೆಂದು 2007ರಲ್ಲಿ ತಿಳಿದುಬಂತು. ಈ ಬ್ಯುಟಿರೇಟು ದೊಡ್ಡ ಕರುಳಿನ ಒಳಪೊರೆಯ ಕಣಗಳಿಗೆ ಆಹಾರ. 2021ರ ಒಂದು ಪ್ರಯೋಗದಲ್ಲಿ ಸ್ಥೂಲಸ್ತ್ರೀಯರಿಗೆ ದಿನಕ್ಕೆ 800 ಕ್ಯಾಲರಿಯ ದ್ರವಾಹಾರವನ್ನು ಎಂಟು ವಾರ ಕೊಟ್ಟರು. ತೂಕವು ಚೆನ್ನಾಗಿ ಇಳಿಯಿತು. ಅವರ ಸೂಕ್ಷ್ಮಾಣುಗಳನ್ನು ಪಡೆದ ಇಲಿಗಳೂ ಕೃಶವಾದುವು. ಆದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಅತಿಸಾರಕಾರಕ ಸೂಕ್ಷ್ಮಾಣುವಿಗೂ ಕೆಲವೆಡೆ ಎಡೆಯಾಯಿತು. ಲಾಭವೂ ಹಾನಿಯೂ ಒಂದೇ ಪಥ್ಯದಲ್ಲಿ ಕೂಡಿಬಂದುವು.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: 'ಚರಕನ ಗುರುವಾದ ಅತರ್ಪಣವೂ ಇವರ ನಾರುಳ್ಳ ಆಹಾರವೂ ಒಂದೇ ಆಯಿತಲ್ಲವೇ? ಸಮೀಕರಣವು ಸಿದ್ಧವೇ.' ಹಾಗಲ್ಲ. ಇಬ್ಬರ ಉಪದೇಶವು ಹತ್ತಿರಹತ್ತಿರವಾಗಿರಬಹುದು, ಹೇತುವು ಬೇರೆ. ಚರಕನ ಹೇತುವು ತೀಕ್ಷ್ಣಾಗ್ನಿಯನ್ನು ತಣಿಸುವುದು. ಇವರದು ಸೂಕ್ಷ್ಮಾಣುಗಳಿಗೆ ಆಹಾರವನ್ನೊದಗಿಸುವುದು. ಸಾಧ್ಯವು ಸಮಾನವಾದ ಮಾತ್ರಕ್ಕೆ ಹೇತುಗಳು ಏಕವಾಗವೆಂಬುದು ತರ್ಕವನ್ನೋದಿದವರಿಗೆ ಹೊಸತಲ್ಲ. ಹೇತುಗಳನ್ನು ಬೇರೆಬೇರೆಯಾಗಿ ಇರಿಸಿದರೆ ಮಾತ್ರವೇ ಅವುಗಳ ಸಂವಾದಕ್ಕೆ ಬೆಲೆ.

ಈ ವಿಚಾರವು ಪುಸ್ತಕದಲ್ಲೇ ನಿಲ್ಲತಕ್ಕದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 24ರಷ್ಟು ಮಂದಿ ಅಧಿಕತೂಕದವರು. ಬಿಳಿಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಮಜ್ಜಿಗೆಗಳ ನಮ್ಮ ಜಮಖಂಡಿಯ ಸೀಮೆಯು ಇಂದು ಕಬ್ಬಿನ ಸೀಮೆಯೂ ಹೌದು. ಇಲ್ಲಿನ ತರುಣನೊಬ್ಬನು ಲಂಘನಶಬ್ದವನ್ನು ನಂಬಿ ರೊಟ್ಟಿಯನ್ನೂ ಕಾಳನ್ನೂ ಬಿಟ್ಟು ಹಸಿದು ಕುಳಿತರೆ ಚರಕನ ವಿಧಿಯನ್ನೂ ಮೀರಿದನು, ವಿಜ್ಞಾನದ ಎಚ್ಚರಿಕೆಯನ್ನೂ ಮೀರಿದನು. ಹಾಗೆಂದು ಜೋಳವೇ ಔಷಧವೆಂದು ಸಾರುವುದೂ ಸಲ್ಲದು. ಮಿತಿಮೀರಿ ಉಂಡರೆ ಜೋಳವೂ ಮೇದಸ್ಸೇ.

ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಜಠರಾಗ್ನಿಯನ್ನು ಜಠರಾಗ್ನಿಯೆಂದೇ ಪಾಠಹೇಳಿರಿ. ಸೂಕ್ಷ್ಮಾಣುವನ್ನು ಸೂಕ್ಷ್ಮಾಣುವೆಂದೇ ಕರೆಯಿರಿ. ಲಂಘನವು ಬಂದಲ್ಲಿ ಹತ್ತು ವಿಧಗಳನ್ನೂ ಎಣಿಸಿ ತೋರಿಸಿರಿ. ಸ್ಥೂಲನ ಊಟದ ಹೊತ್ತನ್ನು ಕುರಿತ ಎಚ್ಚರಿಕೆಯನ್ನು ಬಿಡದೆ ಓದಿಸಿರಿ.