ಉಪಕರಣವಿದೆ, ನೋಡಿಕೊಳ್ಳುವವರು ಯಾರು?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಮೂಲನಿವಾಸಿ ಬುಡಕಟ್ಟುಗಳು 570ಕ್ಕೂ ಹೆಚ್ಚು. ಶುದ್ಧ ಗಾಳಿ ಕಾಯಿದೆಗೆ 1990ರಲ್ಲಿ ಆದ ತಿದ್ದುಪಡಿ, ಇವುಗಳನ್ನು ರಾಜ್ಯಗಳಂತೆಯೇ ಪರಿಗಣಿಸಲು ಅವಕಾಶ ನೀಡಿತು. 1998ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಅದಕ್ಕೆ ನಿಯಮ ರೂಪಿಸಿತು. ಕಾಯಿದೆಯ ಎಲ್ಲ ಹೊಣೆಗಳನ್ನೂ ಒಮ್ಮೆಗೇ ಹೊರಬೇಕಿಲ್ಲ, ತಮಗೆ ಸಾಧ್ಯವಾದ ಭಾಗವನ್ನಷ್ಟೇ ಆರಿಸಿಕೊಳ್ಳಬಹುದು ಎಂಬುದು ಈ ನಿಯಮದ ಒಳ್ಳೆಯ ಗುಣ. ಆದರೆ ಹಕ್ಕನ್ನು ಚಲಾಯಿಸಲು ಬೇಕಾದ ಸಿಬ್ಬಂದಿಯ ವಿಷಯದಲ್ಲಿ ವ್ಯವಸ್ಥೆ ಎಡವಿದೆ.

ಅಳತೆಯಿಂದಲೇ ಆರಂಭಿಸೋಣ. 2.5 ಮೈಕ್ರೊಮೀಟರ್‌ಗಿಂತ ಸಣ್ಣ ಕಣಗಳನ್ನು ಅಳೆಯುವ ಪ್ರಮಾಣಿತ ಉಪಕರಣ ನಿಮಿಷಕ್ಕೆ 16.67 ಲೀಟರ್ ಗಾಳಿಯನ್ನು ಫಿಲ್ಟರ್ ಮೂಲಕ ಎಳೆಯುತ್ತದೆ. ಸಂಗ್ರಹವಾದ ಕಣಗಳ ದ್ರವ್ಯರಾಶಿಯನ್ನು ಗಾಳಿಯ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಯಂತ್ರ ತೋರಿಸುವುದಕ್ಕಿಂತ ನಿಜವಾದ ಹರಿವು ಕಡಿಮೆಯಿದ್ದರೆ ಸಾಂದ್ರತೆ ಕಡಿಮೆಯೆಂದು ತೋರುತ್ತದೆ. ಅದೇ ವೇಳೆ, ದಪ್ಪ ಕಣಗಳನ್ನು ಬೇರ್ಪಡಿಸುವ ಭಾಗ ಸರಿಯಾಗಿ ಕೆಲಸ ಮಾಡದೆ ಅವನ್ನೂ ಒಳಬಿಡುತ್ತದೆ. ಎರಡು ದೋಷಗಳೂ ವಿರುದ್ಧ ದಿಕ್ಕಿನವು. ಆದ್ದರಿಂದ ಕೇವಲ ಅಂಕಿಯನ್ನು ನೋಡಿ ದೋಷ ಪತ್ತೆ ಮಾಡಲಾಗದು. ಹರಿವನ್ನೇ ತಿಂಗಳಿಗೊಮ್ಮೆ ತಾಳೆ ನೋಡಬೇಕು. ಆರು ತಿಂಗಳಿಗೊಮ್ಮೆ ಬೇರೊಂದು ಹರಿವುಮಾಪಕದಿಂದ, ಸಾಧ್ಯವಾದಷ್ಟೂ ಬೇರೊಬ್ಬರಿಂದ, ತಪಾಸಣೆ ನಡೆಯಬೇಕು. ಒಬ್ಬರೇ ನೌಕರರಿರುವ ಕಚೇರಿಯಲ್ಲಿ ಆ ಬೇರೊಬ್ಬರು ಯಾರು? ಚಿಕ್ಕ ಬುಡಕಟ್ಟುಗಳಲ್ಲಿ ಉಪಕರಣದ ನಿರ್ವಹಣೆ, ದತ್ತಾಂಶದ ಪರಿಶೀಲನೆ, ಅನುದಾನದ ಅರ್ಜಿ, ಮಂಡಳಿಗೆ ವರದಿ ಎಲ್ಲವೂ ಒಬ್ಬರ ಹೆಗಲಿಗೇ ಬೀಳುವುದುಂಟು.

ಕಾಲದ ಲೆಕ್ಕವೂ ಹೊಂದುವುದಿಲ್ಲ. ವಾರ್ಷಿಕ ಮಾನದಂಡ ಮೀರಿದೆಯೇ ಎಂದು ತೀರ್ಮಾನಿಸಲು ಸತತ ಮೂರು ವರ್ಷಗಳ ಸರಾಸರಿ ಬೇಕು. ಸಾಮಾನ್ಯವಾಗಿ ಪ್ರತಿ ತ್ರೈಮಾಸಿಕದಲ್ಲೂ ಶೇಕಡ 75ರಷ್ಟು ಅಳತೆಗಳು ಸಿಂಧುವಾಗಿರಬೇಕು. ತರಬೇತಿ ಪಡೆದ ಒಬ್ಬರು ಕೆಲಸ ಬಿಟ್ಟು, ಆ ಜಾಗ ಕೆಲವು ತಿಂಗಳು ಖಾಲಿ ಉಳಿದರೆ ಮೂರು ವರ್ಷಗಳ ಶ್ರಮಕ್ಕೇ ಕುತ್ತು. ಇಷ್ಟಾದರೂ ಕಾಯಿದೆಯ 103ನೇ ಪರಿಚ್ಛೇದದ ಅನುದಾನ ಸಿಗುವುದು ಅವಧಿಬದ್ಧ ಯೋಜನೆಗಳಿಗೆ.

ಇನ್ನೊಂದು ವಿಪರ್ಯಾಸವಿದೆ. ದೊಡ್ಡ ಕೈಗಾರಿಕೆಗಳ ಪರವಾನಗಿ ಕಾರ್ಯಕ್ರಮದ ಖರ್ಚು ಅವು ಕಟ್ಟುವ ಶುಲ್ಕದಿಂದಲೇ ನಡೆಯಬೇಕು. ನೈಸರ್ಗಿಕ ಅನಿಲದ ಘಟಕಗಳಿರುವ ಕೊಲರಾಡೊದ ಸದರ್ನ್ ಯೂಟ್ ಬುಡಕಟ್ಟಿಗೆ 2012ರಲ್ಲಿ ಇಂಥ ಕಾರ್ಯಕ್ರಮ ನಡೆಸಲು ಇಪಿಎ ಒಪ್ಪಿಗೆ ದೊರೆಯಿತು. ಹೀಗೆ ಅನುಮತಿ ಪಡೆದ ಮೊದಲ ಬುಡಕಟ್ಟು ಅದು. ಆದರೆ ಕಾಳ್ಗಿಚ್ಚಿನ ಹೊಗೆ, ಮಣ್ಣುರಸ್ತೆಯ ಧೂಳು, ಸೌದೆ ಒಲೆ, ಗಡಿಯಾಚೆಯ ಸ್ಥಾವರ ಇವು ಬುಡಕಟ್ಟಿಗೆ ಶುಲ್ಕ ಕಟ್ಟುವುದಿಲ್ಲ. ತನ್ನ ನೆಲದಲ್ಲಿ ಕೈಗಾರಿಕೆ ಇದ್ದವರಿಗೆ ಸಿಬ್ಬಂದಿಯ ಸಂಬಳಕ್ಕೊಂದು ದಾರಿಯುಂಟು. ಪರರ ಹೊಗೆ ಕುಡಿಯುವವರಿಗೆ ಆ ದಾರಿಯೂ ಇಲ್ಲ.

ಉತ್ತರ ಅರಿಜೋನ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಸ್ಥಾಪನೆಯಾದ ಬುಡಕಟ್ಟು ಪರಿಸರ ವೃತ್ತಿನಿರತರ ಸಂಸ್ಥೆಯೂ ಲಾಸ್ ವೇಗಾಸ್‌ನ ಮಾಪನ ನೆರವು ಕೇಂದ್ರವೂ ತರಬೇತಿ ನೀಡಿವೆ, ಉಪಕರಣ ಎರವಲು ಕೊಟ್ಟಿವೆ. ಇದು ಮೆಚ್ಚತಕ್ಕದ್ದೇ. ಆದರೆ ತರಬೇತಿಯೊಂದೇ ನೌಕರರನ್ನು ಉಳಿಸಿಕೊಳ್ಳಲಾರದು. ಅಗ್ಗದ ಸಂವೇದಕಗಳು ಸಾಲವೇ ಎಂದು ಕೇಳುವವರಿದ್ದಾರೆ. ಹೊಗೆಯ ಮುನ್ನೆಚ್ಚರಿಕೆಗೆ ಅವು ಸಾಕು. ಆದರೆ ತೇವದಲ್ಲಿ ಕಣಗಳು ಉಬ್ಬಿದಾಗ ಬೆಳಕಿನ ಚದರಿಕೆ ಹೆಚ್ಚಿ ಅಂಕಿ ಏರುತ್ತದೆ. ಮಾನದಂಡದ ತೀರ್ಮಾನಕ್ಕೆ ಅವು ಆಧಾರವಾಗಲಾರವು.

ಪರಿಹಾರ ಕಷ್ಟದ್ದೇನಲ್ಲ. ಅನುದಾನದ ಅವಧಿ ಕನಿಷ್ಠ ಮೂರು ವರ್ಷದ ಅಳತೆಯ ಅವಧಿಗೆ ಸಮನಾಗಿರಬೇಕು. ಪ್ರತಿ ಕೇಂದ್ರಕ್ಕೂ ತರಬೇತಿ ಪಡೆದ ಇಬ್ಬರಿರಬೇಕು. ಅದು ಸಾಧ್ಯವಾಗದಿದ್ದರೆ ನೆರೆಯ ಬುಡಕಟ್ಟುಗಳು ಪರಸ್ಪರ ತಪಾಸಣೆ ನಡೆಸಬೇಕು. ಉಪಕರಣ ಖರೀದಿಸುವ ಮುನ್ನವೇ ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಹಣ ತೆಗೆದಿಡಬೇಕು. ಗಾಳಿಯ ಮೇಲಿನ ಹಕ್ಕು ಕೊನೆಗೆ ನಿಲ್ಲುವುದು ನಂಬಲರ್ಹ ಅಂಕಿಗಳ ಮೇಲೆ; ಆ ಅಂಕಿಗಳು ನಿಲ್ಲುವುದು ಮನುಷ್ಯರ ಮೇಲೆ.